ಈ ಏರ್?

ಖಾರಘರದ ನಮ್ಮ ಅಡುಗೆಮನೆಯ ಕಿಟಕಿ ಗುಡ್ಡದ ಕಡೆಗಿದೆ. ಮೇ ತಿಂಗಳಿಡೀ ಒಣಗಿ ಕಂದಾಗಿರುವ ಗುಡ್ಡ ನಾಲ್ಕು ಮಳೆ ಬಿದ್ದದ್ದೇ ಹಸಿರಾಗಿಬಿಡುತ್ತದೆ. ಪಾಂಡವಕಡ ಜಲಪಾತ ನೋಡಲು ಹುಡುಗರ ಬೈಕುಗಳು ಸಾಲುಗಟ್ಟಿದವೆಂದರೆ ಮಳೆಗಾಲ ಬಂತು ಅಂತಲೇ ಲೆಕ್ಕ. 2008ರಲ್ಲಿ, ತುಳುವರ ಆಟಿ ತಿಂಗಳಲ್ಲಿ, ನನ್ನ ದೊಡ್ಡಮ್ಮ ಈ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ದಿನಾ ಗುಡ್ಡ ನೋಡುತ್ತಿದ್ದರು. ಹಿರಿಯಡಕದ ಹತ್ತಿರದ ನಮ್ಮೂರು ಬಿಟ್ಟು ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ದೂರ ಬಂದವರು. ನಮ್ಮಲ್ಲಿದ್ದದ್ದು ಒಂದೇ ತಿಂಗಳು.

ಆಗ ಬೇಲ್ಪಾಡಾ ಕಡೆಯ ಒಬ್ಬ ಆಗ್ರಿ ಹೆಂಗಸು ಬುಟ್ಟಿ ಹೊತ್ತು ಸೊಪ್ಪು ಮಾರಲು ಬರುತ್ತಿದ್ದಳು. ನಾವೆಲ್ಲ ಅವಳನ್ನು ಮಾವ್ಶಿ ಎಂದೇ ಕರೆಯುತ್ತಿದ್ದದ್ದು. ಆ ದಿನ ಅವಳ ಬುಟ್ಟಿಯಲ್ಲಿ ಟಾಕಳಾ ಸೊಪ್ಪಿತ್ತು. ದೊಡ್ಡಮ್ಮ ಬಗ್ಗಿ ಒಂದೆಲೆ ಚಿವುಟಿ ಮೂಸಿ, ‘ತಜಂಕ್!’ ಎಂದರು. ಮಾವ್ಶಿ ‘ಟಾಕಳಾ’ ಎಂದಳು. ಆಟಿಯಲ್ಲಿ ನಮ್ಮಲ್ಲಿ ತಿನ್ನಲೇಬೇಕಾದ ಸೊಪ್ಪು ಅದು, ಗದ್ದೆ ಬದುವಿನಲ್ಲಿ ತಾನಾಗಿ ಹುಟ್ಟುವಂಥದ್ದು. ಒಬ್ಬರಿಗೆ ತುಳು ಮಾತ್ರ, ಇನ್ನೊಬ್ಬರಿಗೆ ಮರಾಠಿ ಮಾತ್ರ. ಆದರೂ ಸೊಪ್ಪು ಹೆಚ್ಚುವುದು ಹೇಗೆ, ಕಹಿ ತೆಗೆಯುವುದು ಹೇಗೆ ಎಂದು ಇಬ್ಬರೂ ಕೈಯಲ್ಲೇ ಮಾತಾಡಿದರು.

ಕಿಟಕಿಯ ಕಟ್ಟೆಯ ಮೇಲೆ ದೊಡ್ಡಮ್ಮ ಕಾಗದದಲ್ಲಿ ಸುತ್ತಿ ತಂದಿದ್ದ ಪಿಂಗಾರ ಇತ್ತು. ಅಡಿಕೆಯ ಹೂ, ಒಣಗಿ ಎಳೆ ಎಳೆಯಾಗಿತ್ತು. ಇದೇನು ಎಂದು ಮಾವ್ಶಿ ಕೇಳಿದಳು. ನನಗೆ ಸರಿಯಾದ ಮರಾಠಿ ತೋಚದೆ, ‘ಹ್ಯಾಂಚ್ಯಾ ಅಂಗಾತ್ ಯೇತೆ’ ಎಂದೆ. ಇವರ ಮೈಮೇಲೆ ಬರುತ್ತದೆ ಎಂದು. ಮಾವ್ಶಿ ತಕ್ಷಣ ಸೆರಗಿನಲ್ಲಿ ಕೈ ಒರೆಸಿಕೊಂಡು ದೊಡ್ಡಮ್ಮನ ಕಾಲು ಮುಟ್ಟಿದಳು. ತನ್ನ ಎದೆ ತೋರಿಸಿಕೊಂಡು, ನನಗೂ ಬರುತ್ತದೆ, ಏಕವೀರಾ ಎಂದಳು. ಕಾರ್ಲಾ ಗುಡ್ಡದ ಏಕವೀರೆ ಆಗ್ರಿ, ಕೋಳಿ ಜನರ ಮನೆದೇವರು. ಚೈತ್ರದ ಪಾಲಕಿಗೆ ಹೋದಾಗ ಬರುತ್ತದಂತೆ. ದೊಡ್ಡಮ್ಮ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: ‘ಅಲ್ಲಿ ಇವಳ ಹತ್ತಿರ ಕೇಳುವವರು ಉಂಟಾ, ನೀನು ಯಾರು ಅಂತ?’

ಆ ಪ್ರಶ್ನೆಯ ಭಾರ ನನಗೆ ಗೊತ್ತಿತ್ತು. ಒಂಬತ್ತನೆಯ ವಯಸ್ಸಿನಲ್ಲಿ ಅದನ್ನು ಕಿವಿಯಾರೆ ಕೇಳಿದ್ದೆ.

ಅದು 1976ರ ಬೇಸಗೆ. ಹಿರಿಯಡಕದ ವೀರಭದ್ರ ದೇವಸ್ಥಾನದಲ್ಲಿ ಸಿರಿ ಜಾತ್ರೆ. ತುಳುನಾಡಿನ ಆಲಡೆಗಳೆಂಬ ದೈವಸ್ಥಾನಗಳಲ್ಲಿ ಮಾಯಿ, ಸುಗ್ಗಿ, ಪಗ್ಗು ತಿಂಗಳ ಹುಣ್ಣಿಮೆಗಳಿಗೆ ಈ ಜಾತ್ರೆಗಳು ನಡೆಯುತ್ತವೆ. ಅಜ್ಜಿಯ ಸೆರಗು ಹಿಡಿದು ನಿಂತ ನನ್ನ ಕಣ್ಣಿಗೆ ಅಂಗಳದ ತುಂಬ ಕಂಡದ್ದು ಬರೇ ಹೆಂಗಸರು. ಬಿಳಿ ಸೀರೆ, ಬಿಚ್ಚಿದ ಕೂದಲು, ಎರಡು ಕೈಯಲ್ಲಿ ಹಿಡಿದ ಪಿಂಗಾರ. ಒಬ್ಬರು ತೂಗುತ್ತಿದ್ದರೆ ಪಕ್ಕದವರೂ ತೂಗುತ್ತಾರೆ, ಆಮೇಲೆ ಇಡೀ ಸಾಲೇ ತೂಗುತ್ತದೆ. ಅದಕ್ಕೆ ನಮ್ಮಲ್ಲಿ ಜೋಗ ಬರುವುದು ಎನ್ನುತ್ತಾರೆ. ನಡುನಡುವೆ ನಾರಾಯಣನ ಹೆಸರೆತ್ತಿ ಹಾಡು. ಎಷ್ಟೋ ಹೆಂಗಸರ ಬಾಯಲ್ಲಿ ಒಟ್ಟಿಗೆ ಎದ್ದ ಆ ಸ್ವರ ಅಳುವೋ ಹಾಡೋ ನನಗೆ ತಿಳಿಯಲಿಲ್ಲ. ಹೆದರಿಕೆಯಾಗಿತ್ತು, ಆದರೂ ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ.

ಸಾಲಿನಲ್ಲಿ ದೊಡ್ಡಮ್ಮ ಇದ್ದರು. ಅದು ಅವರ ಮೂರನೆಯ ವರ್ಷ. ಮೊದಲ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿಯೂ ಅಷ್ಟೆ. ಅವರ ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ಮೊದಮೊದಲು ತಪ್ಪದೆ ಬರುತ್ತಿದ್ದ ಮನಿಯಾರ್ಡರು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಅಲ್ಲಿ ಇನ್ನೊಂದು ಸಂಸಾರ ಇದೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಾಗಿ ಕೊನೆಗೆ ನಮ್ಮ ಮನೆಗೆ ಬಂತು. ನಮ್ಮದು ಅಳಿಯಸಂತಾನದ ಮನೆ, ಗಂಡ ಬಿಟ್ಟರೂ ಹೆಣ್ಣು ಬೀದಿಗೆ ಬೀಳುವುದಿಲ್ಲ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಬೀದಿಗೆ ಬೀಳುವುದಿಲ್ಲ, ನಿಜ. ಆದರೆ ದೊಡ್ಡಮ್ಮ ಚಾವಡಿಯ ಕಂಬಕ್ಕೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಕರೆದರೆ ತಿರುಗುವುದಿಲ್ಲ, ಬಡಿಸಿದರೆ ಉಣ್ಣುವುದಿಲ್ಲ.

ಆಲಡೆಯಲ್ಲಿ ಅವರೆದುರು ನಿಂತದ್ದು ಕುಮಾರ. ಕುಮಾರನೆಂದರೆ ಸಿರಿಯ ಮಗ. ಅವನ ಆವೇಶ ಬರುವುದು ಗಂಡಸರ ಮೇಲೆ, ಸಿರಿಗಳು ಸೇರುವ ಆಚರಣೆಯಾದ ದಲ್ಯವನ್ನು ನಡೆಸುವವನು ಅವನೇ. ದೊಡ್ಡಮ್ಮನ ಬಳಿ ಬಂದು ಮೆಲ್ಲಗೆ ಕೇಳಿದ: ‘ಈ ಏರ್? ಪಣ್.’ ನೀನು ಯಾರು, ಹೇಳು. ಉತ್ತರವಿಲ್ಲ. ಮತ್ತೆ ಕೇಳಿದ. ಸುತ್ತ ನಮ್ಮ ಮನೆಯವರೆಲ್ಲ ನಿಂತಿದ್ದರು. ಅಜ್ಜಿ ಇದ್ದರು, ಮಾವಂದಿರಿದ್ದರು, ಗಂಡನ ಕಡೆಯಿಂದ ಬಂದ ಇಬ್ಬರೂ ಇದ್ದರು. ಎಷ್ಟು ಸಲ ಕೇಳಿದನೋ ನಾನು ಎಣಿಸಲಿಲ್ಲ. ಕೊನೆಗೆ ದೊಡ್ಡಮ್ಮನ ಗಂಟಲಿನಿಂದ ಹೊರಟದ್ದು ನಾನು ಅದುವರೆಗೆ ಕೇಳಿರದ ಸ್ವರ: ‘ಯಾನ್ ಸತ್ಯನಾಪುರೊತ ಸಿರಿ.’

ಅಜ್ಜಿ ಗೋಳೋ ಎಂದು ಅತ್ತುಬಿಟ್ಟರು. ಆಮೇಲೆ ಮಾತು ಕಟ್ಟೆಯೊಡೆದ ಹಾಗೆ ಬಂತು. ಗಂಡನ ಕಡೆಯವರು ತಲೆ ತಗ್ಗಿಸಿ ಕೇಳಬೇಕಾಯಿತು. ಮನೆಯ ಚಾವಡಿಯಲ್ಲಿ ಅದೇ ಮಾತು ಆಡಿದ್ದರೆ ‘ಸುಮ್ಮನಿರು’ ಎನ್ನುತ್ತಿದ್ದವರು ಅವರೇ.

ಸಿರಿಯ ಕತೆ ಗೊತ್ತಿದ್ದವರಿಗೆ ದೊಡ್ಡಮ್ಮ ಆ ಹೆಸರನ್ನೇ ಯಾಕೆ ಹೇಳಿದರು ಎಂದು ವಿವರಿಸಬೇಕಾಗಿಲ್ಲ. ಸತ್ಯನಾಪುರದ ಮುದಿ ಅರಸ ಬೆರ್ಮ ಆಳ್ವನಿಗೆ ಆಲಡೆಯ ಪ್ರಸಾದದ ಪಿಂಗಾರ ಮತ್ತು ಗಂಧದಿಂದ ಹುಟ್ಟಿದ ಹೆಣ್ಣು ಸಿರಿ. ಬಸ್ರೂರಿನ ಕಾಂತು ಪೂಂಜನಿಗೆ ಕೊಟ್ಟು ಮದುವೆಯಾಯಿತು. ಬಸುರಿಯಾದಾಗ ಬಯಕೆಗೆಂದು ಗಂಡ ಸೀರೆ ತಂದ. ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆಗೆ ಹೋಗಿದ್ದ, ಆ ಸೀರೆಯನ್ನು ಮೊದಲು ಉಟ್ಟವಳು ಅವಳು. ಸಿರಿ ಸೀರೆ ಬೇಡವೆಂದಳು. ಮುಂದೆ ಗಂಡನನ್ನೇ ಬೇಡವೆಂದಳು, ಕೂಸು ಕುಮಾರನನ್ನೂ ಕೆಲಸದ ದಾರುವನ್ನೂ ಕರೆದುಕೊಂಡು ಸತ್ಯನಾಪುರ ಬಿಟ್ಟು ಹೊರಟಳು, ಕೊನೆಗೆ ಕೊಡ್ಸರ ಆಳ್ವನನ್ನು ಮದುವೆಯಾಗಿ ಸೊನ್ನೆಯನ್ನು ಹೆತ್ತಳು. ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗ ಚೆನ್ನೆಯಾಡುತ್ತ ಜಗಳವಾಗಿ, ಅಬ್ಬಗ ಮಣೆಯಲ್ಲಿ ಹೊಡೆದು ದಾರಗ ಸತ್ತಳು. ಅಬ್ಬಗ ತಾನೂ ಬಾವಿಗೆ ಹಾರಿದಳು. ನಾನು ಮತ್ತು ಅಕ್ಕ ಚೆನ್ನೆಮಣೆ ಇಟ್ಟುಕೊಂಡು ಎದುರುಬದುರು ಕೂತರೆ ದೊಡ್ಡಮ್ಮ ಬಂದು ಮಣೆ ಎತ್ತಿಕೊಂಡು ಹೋಗುತ್ತಿದ್ದರು. ಒಡಹುಟ್ಟಿದವರು ಆಡಬಾರದು, ಅಷ್ಟೆ.

ಜೋಗ ಬಂದವರೆಲ್ಲ ತಾನು ಸಿರಿ ಎನ್ನುವುದಿಲ್ಲ. ಒಬ್ಬಳು ಸೊನ್ನೆ, ಒಬ್ಬಳು ಅಬ್ಬಗ, ಒಬ್ಬಳು ದಾರಗ. ಯಾರ ಸಂಕಟಕ್ಕೆ ಯಾವ ಹೆಸರು ಒಪ್ಪುತ್ತದೋ ಅದು ಆಯಾ ಹೆಂಗಸಿನ ಬಾಯಿಂದಲೇ ಬರಬೇಕು. ಬೇರೆಯವರು ಇಟ್ಟ ಹೆಸರು ಅಲ್ಲಿ ನಡೆಯುವುದಿಲ್ಲ.

ಮರುವರ್ಷ ದೊಡ್ಡಪ್ಪ ಊರಿಗೆ ಬಂದರು. ಕೈಯಲ್ಲಿ ಮುಂಬಯಿಯ ಸೀರೆ, ಹಸಿರು ಬಣ್ಣ, ಜರಿಯಂಚು. ಜಾತ್ರೆಯ ದಿನ ಅಲ್ಲ ಅದು, ಪಿಂಗಾರ ಇಲ್ಲ, ಕುಮಾರ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಚಾವಡಿಯಲ್ಲಿ ಎಲ್ಲರೂ ಕೂತಿದ್ದರು. ದೊಡ್ಡಮ್ಮ ಸೀರೆಯನ್ನು ತೊಡೆಯ ಮೇಲಿಟ್ಟು ಒಂದು ಪದರ ಬಿಡಿಸಿದರು, ಇನ್ನೊಂದು ಪದರ ಬಿಡಿಸಿದರು. ಮತ್ತೆ ಹಾಗೇ ಮಡಚಿ ದೊಡ್ಡಪ್ಪನ ಪಕ್ಕದಲ್ಲಿಟ್ಟು, ‘ಇದರ ಮಡಿಕೆ ಅಂಗಡಿಯ ಮಡಿಕೆಯಲ್ಲ’ ಎಂದರು. ಸ್ವರ ಏರಲಿಲ್ಲ. ಎದ್ದು ಹೋಗಿ ತಡ್ಪೆ ತಂದು, ಮೆಟ್ಟಿಲಲ್ಲಿ ಕೂತು ಬೀಡಿ ಕಟ್ಟತೊಡಗಿದರು. ಸೀರೆ ನಿಜವಾಗಿ ಯಾರಾದರೂ ಉಟ್ಟದ್ದೋ ಅಲ್ಲವೋ, ನಾನು ಹೇಳಲಾರೆ. ದೊಡ್ಡಪ್ಪ ಸಂಜೆಯ ಬಸ್ಸಿಗೆ ಹೋದವರು ಮತ್ತೆ ಬರಲಿಲ್ಲ.

ನನಗೆ ಆ ಜಾತ್ರೆಯ ರಾತ್ರಿಗಿಂತ ದೊಡ್ಡದಾಗಿ ಉಳಿದದ್ದು ಈ ಮಧ್ಯಾಹ್ನ. ರಾತ್ರಿ ಆಡಿದ್ದು ಸಿರಿ. ಮಧ್ಯಾಹ್ನ ಆಡಿದ್ದು ನನ್ನ ದೊಡ್ಡಮ್ಮ.

ಆಮೇಲಿನ ಅವರ ಬದುಕು ಬೀಡಿಯದ್ದು. ಎಲೆ ನೆನೆಸಿ, ತಗಡಿನ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟಿ, ತುದಿ ಮಡಚಿ, ನೂಲು ಸುತ್ತುವುದು. ದಿನಕ್ಕೆ ಸಾವಿರ ಬೀಡಿ ಕಟ್ಟುವಷ್ಟು ಕೈ ಚುರುಕಿತ್ತು. ಇಬ್ಬರು ಮಕ್ಕಳನ್ನು ಆ ತಡ್ಪೆಯ ಮೇಲೆಯೇ ಸಾಕಿದರು. ನಗು ಹಿಂದೆ ಬಂತು. ಯಕ್ಷಗಾನ ಇದ್ದರೆ ಬೆಳಗಿನವರೆಗೆ ಕೂತು ನೋಡುತ್ತಿದ್ದರು, ಮೀನಿನ ಸಾರಿಗೆ ಹುಳಿ ಹೆಚ್ಚಾದರೆ ಮೂರು ದಿನ ಅದೇ ಮಾತು. ವರ್ಷಕ್ಕೊಂದು ರಾತ್ರಿ ಆಲಡೆಗೆ ಹೋಗಿ, ಬೆಳಿಗ್ಗೆ ಬಂದು ತಲೆಗೆ ನೀರು ಹೊಯ್ದುಕೊಂಡು ಮತ್ತೆ ತಡ್ಪೆ ಮುಂದೆ ಕೂರುತ್ತಿದ್ದರು.

ಒಂದು ಮಾತನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ನೆಂಟರ ಒಂದು ಹುಡುಗಿಗೆ ಆಗಾಗ ಕೈಕಾಲು ಸೆಟೆದು ಬೀಳುವ ಕಾಯಿಲೆ ಇತ್ತು. ಮನೆಯವರು ಅದನ್ನೂ ಜೋಗವೆಂದುಕೊಂಡು ಎರಡು ವರ್ಷ ಜಾತ್ರೆಗೆ ಕರೆತಂದರು. ಅವಳ ಕೆನ್ನೆ ಹಿಡಿದು ನೋಡಿದ ದೊಡ್ಡಮ್ಮನೇ ಗದರಿಸಿದ್ದು: ‘ಇದು ಸಿರಿಯಲ್ಲ, ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.’ ಮಾತ್ರೆಯಲ್ಲಿ ಅವಳಿಗೆ ವಾಸಿಯಾಯಿತು, ಆದರೆ ಎರಡು ವರ್ಷ ಸುಮ್ಮನೆ ಹೋಯಿತು. ದೇವರ ಹೆಸರಲ್ಲಿ ಹೆಂಗಸರನ್ನು ಹೊಡೆದು, ಸುಟ್ಟು, ಹೆದರಿಸಿ ಹಣ ಮಾಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಅದರ ವಿರುದ್ಧ ಕಾನೂನು ಬಂದದ್ದು 2013ರಲ್ಲಿ, ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರರ ಕೊಲೆಯಾದ ಮೇಲೆ. ಆ ಕಾನೂನು ಬೇಕೇ ಬೇಕು. ದೊಡ್ಡಮ್ಮನಿಗೆ ಆ ಅಂಗಳದಲ್ಲಿ ಸಿಕ್ಕಿದ್ದು ಮಾತ್ರ ಬೇರೆ. ಅವರನ್ನು ಯಾರೂ ಹೊಡೆಯಲಿಲ್ಲ, ದೆವ್ವ ಬಿಡಿಸಲೂ ಇಲ್ಲ. ಹೆಸರು ಕೇಳಿದರು, ಬಾಯಿ ಬರುವವರೆಗೆ ಮೂರು ವರ್ಷ ಕಾದರು.

1990ರಲ್ಲಿ ಮದುವೆಯಾಗಿ ನಾನು ಡೊಂಬಿವಲಿಯ ಚಾಳಿಗೆ ಬಂದೆ. ಹತ್ತು ಅಡಿ ಕೋಣೆ, ಬೆಳಗಾದರೆ ನಳದ ಸಾಲು. ಅಲ್ಲಿ ನಾನು ‘ಮದ್ರಾಸಿ ಭಾಭಿ’. ಮುಂದೆ ಮಗ ಹುಟ್ಟಿದ ಮೇಲೆ ಅವನ ಹೆಸರಿನ ಮಮ್ಮಿ. ಖಾರಘರಕ್ಕೆ ಬಂದ ಮೇಲೆ ಫ್ಲ್ಯಾಟಿನ ನಂಬರು. ನನ್ನ ಹೆಸರು ಕರೆಯುತ್ತಿದ್ದದ್ದು ನನ್ನ ಗಂಡ ಒಬ್ಬರೇ, ಅದೂ ಊರಿಂದ ಫೋನು ಬಂದಾಗ. ಬಹಳ ವರ್ಷಗಳ ಮೇಲೆ ನನಗೆ ಗೊತ್ತಾದದ್ದು ಇದು: ನಾನು ನಳದ ಸಾಲಿನಲ್ಲಿ ನಿಂತಿದ್ದ ಅದೇ 1990ರ ಡಿಸೆಂಬರಿನಲ್ಲಿ, ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಸಿರಿಯ ಪಾಡ್ದನವನ್ನು ದಿನಗಟ್ಟಲೆ ಹಾಡುತ್ತಿದ್ದರು, ಫಿನ್ಲೆಂಡಿನಿಂದ ಬಂದಿದ್ದ ಜಾನಪದ ವಿದ್ವಾಂಸ ಲೌರಿ ಹೊಂಕೊ ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. 15,683 ಸಾಲು. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಜೊತೆಗಿದ್ದು ಮಾಡಿದ ಕೆಲಸ ಅದು, 1998ರಲ್ಲಿ ಪುಸ್ತಕವಾಗಿ ಬಂತು. ಗೋಪಾಲ ನಾಯ್ಕರು ಹಾಡುಗಾರರು ಮಾತ್ರವಲ್ಲ, ಆಲಡೆಯಲ್ಲಿ ಸಿರಿಗಳ ದಲ್ಯ ನಡೆಸುತ್ತಿದ್ದವರು. ದೊಡ್ಡಮ್ಮನಿಗೆ ನಾನು ಈ ಸಾಲುಗಳ ಲೆಕ್ಕ ಹೇಳಿದಾಗ ಅವರು, ‘ಅಷ್ಟೇಯಾ?’ ಎಂದರು. ಅವರಿಗೆ ಅದು ಮುಗಿಯುವ ಕತೆಯೇ ಆಗಿರಲಿಲ್ಲ.

ದೊಡ್ಡಮ್ಮ ತೀರಿಕೊಂಡದ್ದು 2014ರಲ್ಲಿ. ಎರಡು ವರ್ಷ ಕಳೆದು ಊರಿನ ಜಾಗದ ವಿಷಯ ಬಂತು. ನಾನು ಮುಂಬಯಿಯಲ್ಲಿ ಸೌಖ್ಯವಾಗಿದ್ದೇನೆ, ನನಗೆ ಅದು ಯಾಕೆ ಎಂಬುದು ಮನೆಯವರ ಲೆಕ್ಕ. ಹಕ್ಕು ಬಿಡುಗಡೆ ಪತ್ರ ತಯಾರಾಗಿತ್ತು, ನಾನು ರೈಲು ಹತ್ತಿ ಹೋಗಿ ಸಹಿ ಹಾಕುವುದೊಂದೇ ಬಾಕಿ. ಹಾಕುವ ಮನಸ್ಸಿನಲ್ಲೇ ಹೋಗಿದ್ದೆ. ಒಡಹುಟ್ಟಿದವರ ಹತ್ತಿರ ಜಗಳ ಬೇಡ ಎಂದು ಚೆನ್ನೆಮಣೆಯ ಕಾಲದಿಂದ ಕಲಿತದ್ದಲ್ಲವೇ.

ನೋಂದಣಿ ಕಚೇರಿಯಲ್ಲಿ ಫೋಟೊ ತೆಗೆಯುವ ಕ್ಯಾಮರಾ ಮುಂದೆ ಕೂರಿಸಿದರು. ಮೇಜಿನ ಆಚೆ ಇದ್ದವರು ಕಾಗದದಿಂದ ತಲೆ ಎತ್ತದೆ ಕೇಳಿದರು: ‘ನೀವು ಯಾರು?’

ಪ್ರತಿ ದಿನ ನೂರು ಜನರ ಹತ್ತಿರ ಕೇಳುವ ಪ್ರಶ್ನೆ ಅದು. ಕಾಗದದಲ್ಲಿ ಉತ್ತರ ಬರೆದೇ ಇತ್ತು. ಇಂಥವರ ಮಗಳು, ಇಂಥವರ ಹೆಂಡತಿ, ಗೃಹಿಣಿ, ವಾಸ ಖಾರಘರ, ನವಿ ಮುಂಬಯಿ. ನನಗೆ ಬಾಯಿ ಬರಲಿಲ್ಲ. ಅವರು ಎರಡನೆಯ ಸಲ ಕೇಳಿದಾಗ ನನ್ನ ಹೆಸರು ಹೇಳಿದೆ. ಬರೇ ಹೆಸರು. ಹೇಳಿದ್ದೇ ಗೊತ್ತಾಯಿತು, ಈ ಹೆಸರನ್ನು ಆ ಮಣ್ಣಿನಿಂದ ಅಳಿಸುವುದಕ್ಕೆ ನನಗೆ ಒಪ್ಪಿಗೆ ಇಲ್ಲ ಎಂದು. ಮೈ ನಡುಗುತ್ತಿತ್ತು, ಜೋಗವಲ್ಲ, ಹೆದರಿಕೆ. ‘ನಾನು ಸಹಿ ಹಾಕುವುದಿಲ್ಲ’ ಎಂದೆ.

ಅಣ್ಣ ಎರಡು ವರ್ಷ ಮಾತು ಬಿಟ್ಟ. ಆಮೇಲೆ ಮಗಳ ಮದುವೆಯ ಕಾಗದ ಹಿಡಿದುಕೊಂಡು ತಾನೇ ಖಾರಘರಕ್ಕೆ ಬಂದ. ಈಗ ಪಾಲು ಪತ್ರವಾಗಿದೆ. ನನಗೆ ಬಂದದ್ದು ಬಾವಿಯ ಕಡೆಯ 27 ಸೆಂಟ್ಸು, ಅದರಲ್ಲಿ ಎರಡು ಹಲಸಿನ ಮರ. ಪಹಣಿಯಲ್ಲಿ ನನ್ನ ಹೆಸರಿದೆ.

ಇದನ್ನು ಕೇಳಿ ಅತಿ ಹೆಚ್ಚು ಸಂತೋಷಪಟ್ಟವಳು ಸೊಪ್ಪಿನ ಮಾವ್ಶಿ. ಅವಳಿಗೆ ಜಾಗದ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1970ರಲ್ಲಿ ಸರಕಾರದ ಸಿಡ್ಕೋ ನಿಗಮ ಹುಟ್ಟಿ, ನವಿ ಮುಂಬಯಿ ಕಟ್ಟಲು 95 ಹಳ್ಳಿಗಳ ಗದ್ದೆ, ಉಪ್ಪಿನ ಆಗರ ಹೋಯಿತು. 1984ರ ಜನವರಿಯಲ್ಲಿ ಉರಣ ಕಡೆಯ ಚಳವಳಿಯಲ್ಲಿ ಐದು ಜನ ಗುಂಡಿಗೆ ಬಲಿಯಾದರು. ಚಳವಳಿಯ ಮುಂದಾಳು ದಿ.ಬಾ. ಪಾಟೀಲರ ಆ ಹೋರಾಟದಿಂದಲೇ ಹೋದ ಜಾಗದ ಶೇಕಡಾ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿ ಹಿಂದೆ ಕೊಡುವ ಯೋಜನೆ ಬಂದದ್ದು. ಮಾವ್ಶಿಯ ಮಾವನ ಗದ್ದೆ ಈಗ ಯಾವ ಸೆಕ್ಟರಿನ ಕೆಳಗಿದೆ ಎಂದು ಅವಳು ಬೆರಳಿಟ್ಟು ತೋರಿಸಬಲ್ಲಳು. ಏಕವೀರೆ ಮೈಮೇಲೆ ಬಂದಾಗ ಏನು ಹೇಳುತ್ತೀ ಎಂದು ಒಮ್ಮೆ ಕೇಳಿದ್ದೆ. ‘ನನಗೆ ನೆನಪಿರುವುದಿಲ್ಲ, ಮಕ್ಕಳು ಹೇಳುತ್ತಾರೆ, ನೀನು ಗದ್ದೆಗಳ ಹೆಸರು ಹೇಳುತ್ತೀ ಅಂತ’ ಎಂದಳು. ನಾನು ಅವತ್ತು ಸೊಪ್ಪಿಗೆ ಚೌಕಾಸಿ ಮಾಡಲಿಲ್ಲ.

ಕೊರೋನ ಕಳೆದ ಮೇಲೆ, 2022ರಲ್ಲಿ, ನಮ್ಮ ಸೊಸೈಟಿಯ ಒಬ್ಬರು ಶಾಮನಿಕ್ ಹೀಲಿಂಗ್ ಶಿಬಿರಕ್ಕೆ ಕರೆದರು. ಶಾಮನ್ ಎನ್ನುವುದು ಸೈಬೀರಿಯಾದ ಇವೆಂಕಿ ಜನರ ಮಾತು. ಡೋಲು ಬಾರಿಸಿ ಬೇರೆ ಲೋಕಕ್ಕೆ ಹೋಗಿ ಬರುವವರಿಗೆ ಅಲ್ಲಿ ಆ ಹೆಸರು. ಒಂದು ಫ್ಲ್ಯಾಟಿನ ಹಾಲಿನಲ್ಲಿ ಎಂಟು ಹೆಂಗಸರು ಕಣ್ಣು ಮುಚ್ಚಿ ಮಲಗಿದೆವು. ಚರ್ಮದ ಡೋಲಿನ ಒಂದೇ ಲಯ, ಹಿತವಾಗಿತ್ತು. ನಿಮ್ಮೊಳಗಿನ ಶಕ್ತಿಯನ್ನು ಹುಡುಕಿ ಎಂದರು. ಕೊನೆಗೆ ಸಿಕ್ಕಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದರು. ನನ್ನ ಪಕ್ಕದವಳ ಕಣ್ಣೀರು ಕಿವಿಯವರೆಗೆ ಇಳಿದಿತ್ತು. ಅವಳು ಏನೂ ಬರೆಯಲಿಲ್ಲ.

ಯಾರಿಗೂ ತೋರಿಸಬೇಕಾಗಿಲ್ಲ ಎಂಬ ಮಾತು ನನ್ನನ್ನು ಚುಚ್ಚಿತು. ಆಲಡೆಯಲ್ಲಿ ದೊಡ್ಡಮ್ಮ ಹೆಸರು ಹೇಳಿದ್ದು ಮನೆಯವರ ಎದುರು, ಗಂಡನ ಕಡೆಯವರ ಎದುರು, ಊರಿನ ಎದುರು. ಒಳಗಿನ ಶಕ್ತಿ ಎಂಬುದು ಒಳಗೇ ಇದ್ದಿದ್ದರೆ ದೊಡ್ಡಮ್ಮ ಚಾವಡಿಯ ಕಂಬಕ್ಕೇ ಒರಗಿ ಸಾಯುತ್ತಿದ್ದರು. ಅದು ಕೇಳುವ ಕಿವಿಗಳ ಮುಂದೆ ಬಂದ ಮೇಲೆಯೇ ಅವರಿಗೆ ಕಾಲು ಮೂಡಿದ್ದು.

ಲಿಫ್ಟು ಬರುವವರೆಗೆ ಆ ಹೆಂಗಸಿನ ಜೊತೆ ನಿಂತಿದ್ದೆ. ಹೆಸರು ಕೇಳಿದೆ. ಹೇಳಿದಳು. ‘ಮತ್ತೆ?’ ಎಂದೆ, ಕುಮಾರ ಕೇಳಿದ ಹಾಗೆಯೇ, ಮೆಲ್ಲಗೆ. ಲಿಫ್ಟು ಬಂತು, ಹೋಯಿತು. ನಾವು ಮೆಟ್ಟಿಲ ಮೇಲೆ ಕೂತೆವು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಮೆಟ್ಟಿಲಿನ ದೀಪ ಆಗಾಗ ತಾನಾಗಿ ಆರಿಹೋಗುತ್ತಿತ್ತು, ನಾನು ಕೈ ಎತ್ತಿ ಬೀಸಿದರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಹೋದ ವರ್ಷ ಹಿರಿಯಡಕದ ಜಾತ್ರೆಗೆ ಹೋಗಿದ್ದೆ. ದೊಡ್ಡಮ್ಮನ ಬಿಳಿ ಸೀರೆ ಉಟ್ಟಿದ್ದೆ, ಆದರೆ ಸಾಲಿನಲ್ಲಿ ನಿಲ್ಲಲಿಲ್ಲ, ನನಗೆ ಜೋಗ ಬರುವುದಿಲ್ಲ. ನನ್ನೆದುರಿನ ಸಾಲಿನಲ್ಲಿ ಇಪ್ಪತ್ತೈದರ ಒಳಗಿನ ಒಂದು ಹುಡುಗಿ ಇದ್ದಳು. ಕೈಯಲ್ಲಿ ಮದರಂಗಿಯ ಕಲೆ ಇನ್ನೂ ಇತ್ತು. ಪಿಂಗಾರವನ್ನು ಎದೆಗೆ ಒತ್ತಿ ಹಿಡಿದು ತೂಗುತ್ತಿದ್ದಳು, ಬಾಯಿ ಬಿಗಿದಿತ್ತು. ಕುಮಾರ ಬಂದು ಕೇಳಿದ: ಈ ಏರ್? ಅವಳ ತುಟಿ ಅಲುಗಿತು. ಸುತ್ತ ನಿಂತ ನಾವೆಲ್ಲ ಉಸಿರು ಹಿಡಿದೆವು. ಮಾತು ಬರಲಿಲ್ಲ. ಅವನು ಮತ್ತೆ ಕೇಳಿದ, ಮತ್ತೆ ಕೇಳಿದ. ಕೊನೆಗೆ ಅವಳ ತಲೆಯ ಮೇಲೆ ಗಂಧ ಹಾಕಿ, ಬರುವ ವರ್ಷ ಮಾತಾಡು ಎಂದು ಹೇಳಿ ಮುಂದಿನವಳ ಹತ್ತಿರ ಹೋದ. ಹುಡುಗಿಯ ತಾಯಿ ಒಂದು ಹೆಜ್ಜೆ ಮುಂದೆ ಬಂದು, ಮಗಳ ಬಿಚ್ಚಿದ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಪಿಂಗಾರದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡರು.